ಬಾಬಿನ್ ಲೇಸ್: ಎರಡು ಚಲನೆಗಳು, ಹಲವು ವಿನ್ಯಾಸಗಳು

ಲಂಗದ ಅಂಚಿಗೆ ಹೊಲಿಯುವ ಲೇಸನ್ನು ನೀವೆಲ್ಲ ನೋಡಿದ್ದೀರಿ. ಇಂದು ಅದು ಯಂತ್ರದಿಂದ ಮೀಟರುಗಟ್ಟಲೆ ತಯಾರಾಗುತ್ತದೆ. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಅದು ಕೈಕೆಲಸವಾಗಿತ್ತು. ಅದರಲ್ಲೊಂದು ಬಗೆ ಬಾಬಿನ್ ಲೇಸ್. ಗಟ್ಟಿ ದಿಂಬಿನ ಮೇಲೆ ತೂತುಗಳಿಂದ ಗುರುತಿಸಿದ ನಕ್ಷೆಯನ್ನಿಟ್ಟು ಗುಂಡುಸೂಜಿಗಳನ್ನು ಚುಚ್ಚುತ್ತಾರೆ. ಪ್ರತಿ ಎಳೆಯನ್ನೂ ಮರದ ಅಥವಾ ಮೂಳೆಯ ಪುಟ್ಟ ಕಡ್ಡಿಗೆ ಸುತ್ತಿರುತ್ತಾರೆ. ಇದೇ ಬಾಬಿನ್. ಅದರ ತೂಕ ಎಳೆಯನ್ನು ಬಿಗಿಯಾಗಿಡುತ್ತದೆ. ಸೂಜಿಗಳನ್ನು ಕಿತ್ತ ಮೇಲೆ ಹೆಣಿಗೆ ಬಿಚ್ಚದಂತೆ ತಡೆಯುವುದು ಎಳೆಗಳ ನಡುವಣ ಘರ್ಷಣೆ.

ಇಲ್ಲಿರುವ ಮೂಲ ಚಲನೆಗಳು ಎರಡೇ. ನಾಲ್ಕು ಬಣ್ಣದ ದಾರಗಳನ್ನು ತೆಗೆದುಕೊಂಡು ನೀವೂ ಮಾಡಿ ನೋಡಬಹುದು. ಅವುಗಳನ್ನು ಎಡದಿಂದ 1, 2, 3, 4 ಎನ್ನೋಣ. ನಡುವಿನ ಎರಡರಲ್ಲಿ ಎಡದ್ದನ್ನು ಬಲದ್ದರ ಮೇಲೆ ಹಾಯಿಸುವುದು ‘ದಾಟು’. ಪ್ರತಿ ಜೋಡಿಯಲ್ಲೂ ಬಲದ್ದನ್ನು ಎಡದ್ದರ ಮೇಲೆ ಹಾಯಿಸುವುದು ‘ತಿರುವು’. ದಾಟು, ತಿರುವು, ದಾಟು ಎಂದು ಮಾಡಿದರೆ ಕ್ರಮ 3, 4, 1, 2 ಆಗುತ್ತದೆ. ಎರಡು ಜೋಡಿಗಳು ಸ್ಥಳ ಬದಲಿಸಿದವು, ಬಟ್ಟೆಯಂಥ ನೇಯ್ಗೆ ಮೂಡಿತು. ಬರೀ ದಾಟು, ತಿರುವುಗಳನ್ನೇ ಮತ್ತೆ ಮತ್ತೆ ಮಾಡುತ್ತ ಹೋದರೆ ನಾಲ್ಕೆಳೆಯ ಜಡೆ ಸಿಗುತ್ತದೆ.

ಈ ಕಸುಬಿನ ನಕ್ಷೆಗಳ ಪುಸ್ತಕ ‘ಲೆ ಪೊಂಪೆ’ 1557ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಮುಂದೆ ಫ್ಲಾಂಡರ್ಸ್, ಇಂಗ್ಲೆಂಡಿನ ಹಾನಿಟನ್ ಮೊದಲಾದ ಕಡೆ ತಮ್ಮದೇ ಶೈಲಿಗಳು ಬೆಳೆದವು. ಹೂಬಳ್ಳಿಯ ಚಿತ್ರ, ಅದರ ಹಿಂದೆ ಬಲೆಯಂಥ ಹಿನ್ನೆಲೆ, ಬಿಳಿ ಎಳೆ: ಇವು ಸಾಂಪ್ರದಾಯಿಕ ವಿನ್ಯಾಸದ ಸಾಮಾನ್ಯ ಲಕ್ಷಣಗಳು.

ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಕೈಲೇಸಿನ ಎಳೆಗಳ ಚಲನೆಯನ್ನು ವಿಶ್ಲೇಷಿಸಿ, 1808-09ರಲ್ಲಿ ಅದೇ ಬಗೆಯ ಬಲೆ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1816ರಲ್ಲಿ ಲುಡ್ಡೈಟರು ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಆದರೂ ಯಂತ್ರದ ಬಲೆ ಅಗ್ಗವಾಗಿ ಹರಡಿತು. ಹಲವು ಕಡೆ ಹೂವನ್ನಷ್ಟೇ ಕೈಯಲ್ಲಿ ಹೆಣೆದು, ಯಂತ್ರದ ಬಲೆಗೆ ಹೊಲಿಯತೊಡಗಿದರು. ಹೊಟ್ಟೆಪಾಡಿಗೆ ಈ ಕಸುಬನ್ನೇ ನಂಬಿದ್ದ ಬಡ ಹೆಂಗಸರಿಗೆ ಇದು ದೊಡ್ಡ ಪೆಟ್ಟು.

ಯಂತ್ರವೇ ಬಲೆ ಹೆಣೆಯುವಾಗ ಕೈಗೆ ಏನು ಉಳಿಯಿತು? ಸಮಕಾಲೀನ ಕಲಾವಿದರ ಉತ್ತರ: ಹೊಸ ರೂಪ. ಅವರು ಬಣ್ಣದ ಎಳೆ, ಲೋಹದ ತಂತಿ ಬಳಸುತ್ತಾರೆ. ಅಂಚುಪಟ್ಟಿಯ ಬದಲು ಗೋಡೆಗೆ ತೂಗುವ ಕೃತಿ, ಶಿಲ್ಪ ಮಾಡುತ್ತಾರೆ. ಗಣಿತವೂ ಕೈಜೋಡಿಸಿದೆ. ಕೆನಡಾದ ವೆರೋನಿಕಾ ಇರ್ವಿನ್ ಮತ್ತು ಫ್ರಾಂಕ್ ರಸ್ಕಿ 2014ರಲ್ಲಿ ಬಾಬಿನ್ ಲೇಸಿಗೆ ಒಂದು ಗಣಿತ ಮಾದರಿ ರೂಪಿಸಿದರು. ಅದರಲ್ಲಿ ಪ್ರತಿ ಸಂಧಿಗೂ ಎರಡು ಜೋಡಿ ಎಳೆಗಳು ಬರಬೇಕು, ಎರಡು ಜೋಡಿ ಹೊರಡಬೇಕು. ವಿದ್ಯುನ್ಮಂಡಲದ ಸಂಧಿಗೆ ಕಿರ್ಚಾಫ್ ಹೇಳಿದ ನಿಯಮ ನಿಮಗೆ ನೆನಪಾಗಬಹುದು. ಹಿನ್ನೆಲೆ ಬಲೆಯಲ್ಲಿ ಒಂದೇ ತುಂಡು ಮರುಕಳಿಸುವುದರಿಂದ ಅದರ ಎದುರುಬದುರು ಅಂಚುಗಳನ್ನು ಸೇರಿಸಿ ಉದ್ದಿನವಡೆಯಂಥ ಮೇಲ್ಮೈಯೊಂದನ್ನು ಕಲ್ಪಿಸಿಕೊಳ್ಳುತ್ತಾರೆ. ಹೀಗೆ ಕಂಪ್ಯೂಟರಿನಿಂದ ಹುಡುಕಿದಾಗ ಹಿಂದೆಂದೂ ಕಾಣದ ಬಲೆಗಳು ದೊರೆತವು.

ಗಮನಿಸಿ, ಹೊಸ ವಿನ್ಯಾಸ ಹಳೆಯ ನಿಯಮಗಳನ್ನು ಮುರಿದಿಲ್ಲ. ಅವುಗಳೊಳಗೆ ಯಾರೂ ಮುಟ್ಟದ ಸಾಧ್ಯತೆಗಳನ್ನು ತೆರೆದಿದೆ. ಆದರೆ ಆ ನಿಯಮಗಳು ಕೈಯಿಂದ ಕೈಗೆ ದಾಟಿ ಬಂದವು. ಸ್ಲೊವೇನಿಯಾದ ಇದ್ರಿಯಾದಲ್ಲಿ 1876ರಲ್ಲಿ ಆರಂಭವಾದ ಲೇಸ್ ಶಾಲೆ ಈಗಲೂ ನಡೆಯುತ್ತಿದೆ. ಆ ದೇಶದ ಬಾಬಿನ್ ಲೇಸ್ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸಮೀಕರಣ ಬರೆಯದೆಯೇ ಇಂಥ ಬಲೆಗಳನ್ನು ಕಂಡುಕೊಂಡ, ಹೆಸರು ಉಳಿಯದ ಆ ಹೆಂಗಸರಿಗೂ ವಿಜ್ಞಾನದ ಇತಿಹಾಸ ಪಾಠದಲ್ಲಿ ಒಂದಿಷ್ಟು ಜಾಗ ಸಲ್ಲಬೇಕು.