ಸಂಬಳವೆಂಬ ಬುತ್ತಿ

ಹೆಂಗಸಿನ ವಯಸ್ಸನ್ನೂ ಗಂಡಸಿನ ಸಂಬಳವನ್ನೂ ಕೇಳಬಾರದೆಂದು ನಮ್ಮಲ್ಲಿ ಒಂದು ಮಾತಿದೆ. ಸಭ್ಯತೆಯ ಹೆಸರಿನಲ್ಲಿ ಹುಟ್ಟಿದ ಈ ಸಂಕೋಚ ಇಂದು ಉದ್ಯೋಗದ ಜಾಹೀರಾತುಗಳಲ್ಲಿ ಬಂದು ನೆಲೆಸಿದೆ. ವಿದ್ಯೆ ಇಷ್ಟಿರಬೇಕು, ಅನುಭವ ಇಷ್ಟಿರಬೇಕು ಎಂದು ಕಟ್ಟುನಿಟ್ಟಾಗಿ ಬರೆಯುವ ಲೇಖನಿ, ಸಂಬಳದ ಬಳಿಗೆ ಬಂದೊಡನೆ ನಾಚಿ 'ಅರ್ಹತೆಗೆ ತಕ್ಕಂತೆ' ಎಂದು ನಿಂತುಬಿಡುತ್ತದೆ. ಈ ನಾಚಿಕೆ ನಮ್ಮ ನಾಡಿನ ಹಳೆಯ ಗುಣವೆ? ಅಲ್ಲವೆಂದೇ ನನ್ನ ಎಣಿಕೆ.

'ಸಂಬಳ' ಸಂಸ್ಕೃತದ 'ಶಂಬಲ'ದಿಂದ ಬಂದ ಮಾತು. ಅದರ ಮೂಲಾರ್ಥ ದಾರಿಯ ಬುತ್ತಿ. ಬುತ್ತಿ ಎಷ್ಟೆಂದು ಅರಿಯದೆ ದೂರದ ಪಯಣಕ್ಕೆ ಹೊರಡುವವರುಂಟೆ?

ನಮ್ಮ ಹಿಂದಿನವರು ಈ ಬುತ್ತಿಯ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಕಲಿಯುವ ಇನ್ನೂರು ವಿದ್ಯಾರ್ಥಿಗಳಿದ್ದರು. ಶಾಸ್ತ್ರ ಓದುವವರು ಬೇರೆ. ಅವರಿಗೆ ಪಾಠ ಹೇಳುವ ಉಪಾಧ್ಯಾಯರಿಗೂ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಬಿಟ್ಟ ಭೂಮಿಯನ್ನು ಮತ್ತರಿನ ಲೆಕ್ಕದಲ್ಲಿ ಹೇಳಿದೆ. ಇದು ಕೆಲಸಕ್ಕೆ ಕರೆಯುವ ಜಾಹೀರಾತಲ್ಲ, ದತ್ತಿ ಅಳಿಯದಿರಲೆಂದು ಬರೆಸಿದ ದಾಖಲೆ, ನಿಜ. ಆದರೂ ಜೀವಿತವನ್ನು ಬಯಲಲ್ಲಿ ಹೇಳುವುದು ವಿದ್ಯೆಗೆ ಅವಮಾನವೆಂದು ಆ ಕಾಲದವರಿಗೆ ತೋರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ಬಯಲು ಕಲ್ಲಿನಿಂದ ಕಾಗದಕ್ಕೆ ಬಂತು. 1866ರಲ್ಲಿ ಮೈಸೂರು ಗೆಜೆಟ್ ಆರಂಭವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಬಂತು. 1951ರಲ್ಲಿ ಲೋಕಸೇವಾ ಆಯೋಗ ಸ್ಥಾಪಿತವಾಯಿತು. ಸರ್ಕಾರಿ ಪ್ರಕಟಣೆಯಲ್ಲಿ ಹುದ್ದೆಯ ಹೆಸರಿನ ಜೊತೆಗೆ ವೇತನ ಶ್ರೇಣಿ ಇರಲೇಬೇಕೆಂಬುದು ರೂಢಿಯಾಯಿತು. ಆರಂಭದ ಮೊತ್ತ, ವರ್ಷದ ಬಡ್ತಿ, ನಡುವೆ ಇ.ಬಿ. ಎಂಬ ದಕ್ಷತೆಯ ತಡೆ, ಕೊನೆಯ ಮಿತಿ: ಹಿಂದಿನ ಆ ಒಂದು ಸಾಲಿನ ಅಂಕಿಗಳಲ್ಲಿ ಮನುಷ್ಯನೊಬ್ಬನ ಮೂವತ್ತು ವರ್ಷಗಳ ಬಾಳು ಅಡಗಿರುತ್ತಿತ್ತು. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ, ಅನಂತರ ಬೆಳೆದ ಬನಶಂಕರಿಯಲ್ಲಿ, ಎಷ್ಟೋ ಗುಮಾಸ್ತರೂ ಉಪಾಧ್ಯಾಯರೂ ಮನೆಸಾಲದ ಕಂತನ್ನು, ಮಕ್ಕಳ ಓದನ್ನು, ಮಗಳ ಮದುವೆಯನ್ನು ಗುಣಿಸಿ ನೋಡಿದ್ದು ಈ ಸಾಲನ್ನು ನಂಬಿಯೇ. ಸಂಬಳ ದೊಡ್ಡದಾಗಿರಲಿಲ್ಲ, ಆದರೆ ತಿಳಿದದ್ದಾಗಿತ್ತು.

ಖಾಸಗಿ ಕ್ಷೇತ್ರದ ಬಾಗಿಲನ್ನು ಕಾನೂನು ಅರ್ಧ ಮಾತ್ರ ತೆರೆಯಿತು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂಬ 1959ರ ಕಾಯಿದೆ, 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತಿತ್ತು. ಆದರೆ ಆ ಕೇಂದ್ರದ ಮೂಲಕವೇ ನೇಮಿಸಬೇಕೆಂದಾಗಲಿ, ಪತ್ರಿಕೆಯ ಜಾಹೀರಾತಿನಲ್ಲಿ ಸಂಬಳ ಹೇಳಬೇಕೆಂದಾಗಲಿ ಅದು ವಿಧಿಸಲಿಲ್ಲ. ಮುಂದೆ 2005ರ ಮಾಹಿತಿ ಹಕ್ಕಿನ ಕಾಯಿದೆ, ಸರ್ಕಾರಿ ಕಚೇರಿಗಳು ಪ್ರತಿ ನೌಕರನ ಮಾಸಿಕ ವೇತನವನ್ನು ತಾವಾಗಿಯೇ ಪ್ರಕಟಿಸಬೇಕೆಂದಿತು. ಹೀಗೆ ಒಂದೇ ಬೀದಿಯಲ್ಲಿ ಒಬ್ಬರ ಸಂಬಳ ಊರಿಗೆಲ್ಲ ಗೊತ್ತು, ಪಕ್ಕದವರದು ಗುಟ್ಟು.

ಈ ಗುಟ್ಟಿನ ಬೆಲೆ ತೆರುವವರು ಯಾರು? ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿದ್ದುಕೊಂಡು ಕೆಲಸ ಹುಡುಕುವ ತರುಣ ತರುಣಿಯರನ್ನು ನಾನು ನೋಡುತ್ತಿರುತ್ತೇನೆ. ಮೂರು ನಾಲ್ಕು ಸುತ್ತಿನ ಸಂದರ್ಶನ ಮುಗಿದ ಮೇಲೆ ತಿಳಿದುಬರುವ ಮೊತ್ತ ಕೋಣೆಯ ಬಾಡಿಗೆಗೂ ಊಟಕ್ಕೂ ಸಾಲದು. ಹೋದ ದಿನಗಳನ್ನು ಮರಳಿ ಕೊಡುವವರಿಲ್ಲ. ಅದಕ್ಕೂ ಮೊದಲು 'ಹಿಂದಿನ ಸಂಬಳವೆಷ್ಟು?' ಎಂಬ ಪ್ರಶ್ನೆ ಬಂದಿರುತ್ತದೆ. ಕೇಳುವವನ ಕೈ ಮುಚ್ಚಿದೆ, ಹೇಳುವವನ ಕೈ ತೆರೆದಿದೆ. ಇದು ಚೌಕಾಸಿಯೂ ಅಲ್ಲ. ಒಮ್ಮೆ ಕಡಮೆಗೆ ಒಪ್ಪಿದವರನ್ನು ಆ ಕಡಮೆಯೇ ಮುಂದಿನ ಕೆಲಸಕ್ಕೂ ಹಿಂಬಾಲಿಸುತ್ತದೆ. ಮೊತ್ತವನ್ನು ಮೊದಲೇ ಹೇಳಿದರೆ ಒಪ್ಪದವರು ಬರುವುದಿಲ್ಲ. ಬಂದವರು ಒಪ್ಪಿಯೇ ಬರುತ್ತಾರೆ. ನೇಮಕ ಮಾಡುವವರ ಹೊತ್ತೂ ಉಳಿಯುತ್ತದೆ.

ಧಣಿಗಳ ಅಂಜಿಕೆಯೂ ಸುಳ್ಳಲ್ಲ. ಹೊಸಬರ ಸಂಬಳ ಪ್ರಕಟವಾದರೆ ಹಳಬರು ಹೋಲಿಸಿ ನೋಡುತ್ತಾರೆ. 2008ರಲ್ಲಿ ಕ್ಯಾಲಿಫೋರ್ನಿಯದ ಪತ್ರಿಕೆಯೊಂದು ಅಲ್ಲಿನ ಸರ್ಕಾರಿ ನೌಕರರ ಸಂಬಳಗಳನ್ನು ಬಹಿರಂಗಪಡಿಸಿದಾಗ, ಅರ್ಥಶಾಸ್ತ್ರಜ್ಞರು ಅಲ್ಲಿನ ವಿಶ್ವವಿದ್ಯಾಲಯದ ನೌಕರರನ್ನು ವಿಚಾರಿಸಿದರು. ಸಹೋದ್ಯೋಗಿಗಳಿಗಿಂತ ಕಡಮೆ ಪಡೆಯುತ್ತಿದ್ದವರಲ್ಲಿ ಅತೃಪ್ತಿ ಹೆಚ್ಚಿತು; ಹೆಚ್ಚು ಪಡೆಯುತ್ತಿದ್ದವರಿಗೆ ಅದರಿಂದ ವಿಶೇಷ ಸಂತೋಷವೇನೂ ಆಗಲಿಲ್ಲ. ದೀಪ ಹಚ್ಚಿದರೆ ಗೋಡೆಯ ಬಿರುಕು ಕಾಣುತ್ತದೆ. ಬಿರುಕನ್ನು ಮಾಡಿದ್ದು ದೀಪವಲ್ಲ. ಆದರೆ ಅಂಕಿಯೊಂದನ್ನೇ ಹೇಳಿ ಕಾರಣವನ್ನು ಹೇಳದಿದ್ದರೆ ಉಳಿಯುವುದು ಅಸೂಯೆ ಮಾತ್ರ. ಹಳೆಯ ವೇತನ ಶ್ರೇಣಿಯ ಹಿರಿಮೆ ಇದ್ದದ್ದು ಅಲ್ಲಿಯೇ: ಇಷ್ಟೇಕೆ, ಮುಂದೆಷ್ಟು ಎಂಬುದಕ್ಕೆ ಅದರಲ್ಲಿ ಉತ್ತರವಿತ್ತು.

ಯುರೋಪಿನ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಆರಂಭದ ಸಂಬಳವನ್ನು ಅಥವಾ ಅದರ ವ್ಯಾಪ್ತಿಯನ್ನು ಅಭ್ಯರ್ಥಿಗೆ ಮುಂಚಿತವಾಗಿ ತಿಳಿಸಬೇಕೆಂದಿದೆ. ಹಿಂದಿನ ಸಂಬಳವನ್ನು ಕೇಳಕೂಡದೆಂದೂ ಇದೆ. ಜಗತ್ತಿಗೆ ಇದು ಹೊಸ ಸುಧಾರಣೆಯಾಗಿ ತೋರಬಹುದು. ನಾಗಾವಿಯ ಶಾಸನವನ್ನು ಬಲ್ಲ ನಮಗೆ ಅಷ್ಟು ಹೊಸದಾಗಿ ಕಾಣಬೇಕಾಗಿಲ್ಲ. ದುಡಿಮೆಗೆ ಕರೆಯುವವರು ಬುತ್ತಿಯ ಅಳತೆಯನ್ನು ಮೊದಲು ಹೇಳಲಿ. ಬರುವುದೋ ಬಿಡುವುದೋ ಪಯಣಿಗನಿಗೆ ಬಿಟ್ಟದ್ದು.