ನಾಳದಲ್ಲಿ ನಿಂತ ಬಸಿರು

ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ, ಬಸಿರು ನಿಲ್ಲುವ ಸಂಗತಿ ವೈದ್ಯರಿಗೆ ಶತಮಾನಗಳಿಂದ ಗೊತ್ತಿತ್ತು. ಆದರೆ ಬಹುಕಾಲ ಅದು ಖಚಿತವಾಗುತ್ತಿದ್ದುದು ಶವಪರೀಕ್ಷೆಯಲ್ಲಿ. 1883ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಲಾಸನ್ ಟೇಟ್ ಒಡೆದ ನಾಳಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. ಮೊದಲ ರೋಗಿ ಉಳಿಯಲಿಲ್ಲ, ಎರಡನೆಯವಳು ಬದುಕಿದಳು. ಈ ಚರಿತ್ರೆಯನ್ನು ಶಸ್ತ್ರಚಿಕಿತ್ಸೆಯ ಗೆಲುವೆಂದೇ ಹೇಳುವುದು ರೂಢಿ. ನನಗೆ ಅದು ಅರೆಸತ್ಯವೆನಿಸುತ್ತದೆ. ಟೇಟ್ ಕೈಹಾಕಿದ್ದು ನಾಳ ಒಡೆದ ಮೇಲೆ. ಒಡೆಯುವ ಮೊದಲೇ ಗುರುತಿಸುವ ವಿದ್ಯೆ ಬಂದದ್ದು ಬಹಳ ತಡವಾಗಿ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯೊಳಗಿನ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. 1972ರಲ್ಲಿ ಬಸಿರನ್ನು ಸೂಚಿಸುವ ಎಚ್‌ಸಿಜಿ ಹಾರ್ಮೋನನ್ನು ರಕ್ತದಲ್ಲಿ ಪ್ರತ್ಯೇಕವಾಗಿ ಅಳೆಯುವ ಪರೀಕ್ಷೆ ಬಂತು. ಹಾರ್ಮೋನು ಸಾಕಷ್ಟಿದ್ದೂ ಗರ್ಭಕೋಶ ಬರಿದಾಗಿ ಕಂಡರೆ ಅನುಮಾನ ಬಲವಾಗುತ್ತದೆ. 1980ರ ದಶಕದಲ್ಲಿ ಮೆಥೋಟ್ರೆಕ್ಸೇಟ್ ಔಷಧಿಯ ಚಿಕಿತ್ಸೆ ಸಾಧ್ಯವಾದದ್ದೂ ಹೀಗೆ ಬೇಗ ತಿಳಿಯತೊಡಗಿದ್ದರಿಂದ.

ರಕ್ತ ಕೊಡುವ ವ್ಯವಸ್ಥೆ, ಅರಿವಳಿಕೆ ಸುಧಾರಿಸದೆ ಸಾವು ಇಳಿಯುತ್ತಿತ್ತೇ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಅವು ಒದಗುವುದು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದವಳಿಗೆ. ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದು ಪಕ್ಕ ನೋಯುತ್ತ, ರಕ್ತಸ್ರಾವ ಕಂಡರೆ ಅನುಮಾನಿಸಲೇಬೇಕು. ಭುಜದ ನೋವು, ತಲೆಸುತ್ತು ಒಳಗೆ ರಕ್ತ ಸೋರುತ್ತಿರುವ ಸೂಚನೆಯಾಗಿರಬಹುದು. ಟ್ಯುಬೆಕ್ಟಮಿ ಆದವಳಿಗೆ ಬಸಿರೆಲ್ಲಿಂದ ಎಂದು ತಳ್ಳಿಹಾಕುವುದಂತೂ ದೊಡ್ಡ ಅಪಾಯ: ಅದು ಅಪರೂಪಕ್ಕೆ ವಿಫಲವಾದಾಗ ಬಸಿರು ನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು. ಹಿಂದಿನ ಸೋಂಕು, ನಾಳದ ಶಸ್ತ್ರಚಿಕಿತ್ಸೆ, ಧೂಮಪಾನ ಇವೂ ಕಾರಣಗಳೇ. ಆದರೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇಂಥ ಯಾವ ಹಿನ್ನೆಲೆಯೂ ಸಿಗುವುದಿಲ್ಲ.