ಉತಾರದ ಹಿಂದಿನ ಕ್ಲಸ್ಟರ್: ಡೇಟಾಬೇಸ್ ವೇಗ ಮತ್ತು ಅಪ್‌ಗ್ರೇಡಿನ ಐದು ದಶಕ

ಹೂಲಿಯ ರೈತನೊಬ್ಬ ತನ್ನ ಹೊಲದ ಉತಾರ ಕೇಳಿದಾಗ ಡೇಟಾಬೇಸಿಗೆ ಹೋಗುವ ಪ್ರಶ್ನೆ ಬಹಳ ಚಿಕ್ಕದು: ಬೆಳಗಾವಿ ಜಿಲ್ಲೆ, ಸವದತ್ತಿ ತಾಲ್ಲೂಕು, ಹೂಲಿ ಗ್ರಾಮ, ಸರ್ವೆ ನಂಬರು, ಹಿಸ್ಸಾ. ಉತ್ತರವೂ ಒಂದೆರಡು ಹಾಳೆಯಷ್ಟೇ. ಅದಕ್ಕಾಗಿ ಆತ ಐದು ನಿಮಿಷ ನಿಂತರೆ ಸಾಕೋ, ನಾಳೆ ಮತ್ತೆ ಬಸ್ಸು ಹತ್ತಬೇಕೋ ಎಂಬುದನ್ನು ತೀರ್ಮಾನಿಸುವ ವಿದ್ಯೆಗೆ ಐವತ್ತು ವರ್ಷ ದಾಟಿದ ಇತಿಹಾಸವಿದೆ. ಕಚೇರಿಯ ಕಿಟಕಿಯಲ್ಲಿ ಕೇಳಿಬರುವ ‘ಸರ್ವರ್ ಡೌನ್ ಐತ್ರಿ’ ಎಂಬ ಒಂದೇ ಮಾತಿನೊಳಗೆ ಹಲವು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ನೆಟ್‌ವರ್ಕ್ ಕಡಿದಿರಬಹುದು. ಇನ್ನೊಬ್ಬರು ಹಿಡಿದ ಲಾಕ್ ಬಿಡದೇ ಇರಬಹುದು. ನಿನ್ನೆ ಕ್ಷಣದಲ್ಲಿ ಮುಗಿಯುತ್ತಿದ್ದ ಕ್ವೆರಿ ಇಂದು ದಾರಿ ಬದಲಿಸಿ ಇಡೀ ಟೇಬಲ್ ಓದುತ್ತಿರಬಹುದು.

ಈ ದಾರಿಯ ವಿಚಾರ 1970ರಷ್ಟು ಹಳೆಯದು. ಐಬಿಎಂ ಸಂಶೋಧಕ ಇ. ಎಫ್. ಕಾಡ್ ಆ ವರ್ಷ ಮಂಡಿಸಿದ ರಿಲೇಷನಲ್ ಮಾದರಿಯಲ್ಲಿ ಬಳಕೆದಾರ ತನಗೆ ಏನು ಬೇಕು ಎಂದಷ್ಟೇ ಹೇಳಿದರೆ ಸಾಕಿತ್ತು. ಅದನ್ನು ಹೇಗೆ ಹುಡುಕಬೇಕು ಎಂಬುದು ಯಂತ್ರದ ಪಾಲಿಗೆ ಬಿತ್ತು. ಆ ಹೊಣೆಯನ್ನು ಹೊರುವ ಆಪ್ಟಿಮೈಸರಿಗೆ 1979ರಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಅಡಿಪಾಯ ಹಾಕಿದರು. ಪ್ರತಿ ದಾರಿಯ ವೆಚ್ಚವನ್ನು ಅಂದಾಜು ಮಾಡಿ, ಅಗ್ಗದ್ದನ್ನು ಆರಿಸುವುದು ಅವರ ವಿಧಾನ. ಇಂದಿನ ಪ್ರಮುಖ ರಿಲೇಷನಲ್ ಡೇಟಾಬೇಸುಗಳ ಆಪ್ಟಿಮೈಸರುಗಳು ಬಹುಮಟ್ಟಿಗೆ ಆ ವಿಧಾನದ ಸಂತತಿಯೇ. ಅಂದಾಜು ತಪ್ಪಿದಾಗ ದಾರಿ ತಪ್ಪುವ ಕಷ್ಟವೂ ಅಲ್ಲಿಂದಲೇ ಬಂದಿದೆ.

ಡೇಟಾಬೇಸಿಗಿಂತ ಭೂದಾಖಲೆಯ ಚರಿತ್ರೆ ಬಹಳ ಹಳೆಯದು. ಹೂಲಿಯಲ್ಲಿ ಭೂದಾನಗಳನ್ನು ದಾಖಲಿಸಿದ ಚಾಲುಕ್ಯರ ಕಾಲದ ಶಿಲಾಶಾಸನಗಳಿವೆ. ಕಲ್ಲಿನ ನಂತರ ಪುಸ್ತಕ, ತಲಾಠಿಯ ಕೈಬರಹ, ಆಮೇಲೆ ಕಂಪ್ಯೂಟರು. ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣದ ಮೊದಲ ಪ್ರಯೋಗ 1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ನಡೆಯಿತು. ಅದು ನಿಜವಾಗಿ ಜನರ ಕೈಗೆ ಬಂದದ್ದು ಭೂಮಿ ಯೋಜನೆಯಿಂದ. ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ಎನ್‌ಐಸಿ ಬರೆದ ತಂತ್ರಾಂಶದೊಂದಿಗೆ, 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳು ಸಿದ್ಧವಾದವು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದವು. ಪಹಣಿಗೆ, ಅಂದರೆ ಉತಾರಕ್ಕೆ, ಆಗ ಶುಲ್ಕ 15 ರೂಪಾಯಿ ಇತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಮಾಲೀಕತ್ವ ಬದಲಾವಣೆಯ, ಅಂದರೆ ಮ್ಯುಟೇಶನ್, ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕಟ್ಟಲಾಯಿತು. ವಾರಸಾ ಹಚ್ಚಿಸಲು, ವಾಟ್ನಿ ದಾಖಲಿಸಲು ಅಲೆದವರಿಗೆ ಆ ನಿಯಮದ ಬೆಲೆ ಗೊತ್ತು.

ಆರಂಭದ ಭೂಮಿಯಲ್ಲಿ ಪ್ರತಿ ತಾಲ್ಲೂಕಿಗೂ ತನ್ನದೇ ಸರ್ವರ್, ತನ್ನದೇ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ಇತ್ತು. 2 ಕೋಟಿಯನ್ನು 177ಕ್ಕೆ ಹಂಚಿದರೆ ಸರಾಸರಿ ತಾಲ್ಲೂಕಿಗೆ ಬರುವುದು 1 ಲಕ್ಷ 13 ಸಾವಿರ ದಾಖಲೆ. ಅಂದಿನ ಸಾಧಾರಣ ಯಂತ್ರಕ್ಕೂ ಅದು ಭಾರವಲ್ಲ. ಸವದತ್ತಿಯ ಕೆಲಸ ಸವದತ್ತಿಯಲ್ಲೇ ಮುಗಿಯುತ್ತಿತ್ತು. ರಾಮದುರ್ಗದಲ್ಲಿ ಕರೆಂಟು ಹೋದರೆ ಬೈಲಹೊಂಗಲಕ್ಕೆ ಏನೂ ಆಗುತ್ತಿರಲಿಲ್ಲ. ಬರ್ಕ್ಲಿಯ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ವಾದಿಸಿದ್ದ ‘ಏನನ್ನೂ ಹಂಚಿಕೊಳ್ಳದ’ ವಿನ್ಯಾಸಕ್ಕೆ ಇದು ಹತ್ತಿರದ ರೂಪ. ಇದರ ಕಷ್ಟ ಅಪ್‌ಗ್ರೇಡಿನಲ್ಲಿತ್ತು. ಒಂದು ತಿದ್ದುಪಡಿ ಎಂದರೆ 177 ಕಡೆ ತಿದ್ದುಪಡಿ, ಬ್ಯಾಕಪ್ ಎಂದರೆ 177 ಕಡೆ ಬ್ಯಾಕಪ್.

ತಿದ್ದುಪಡಿ ಮುಂದೂಡಿದರೆ ಏನಾಗುತ್ತದೆ ಎಂಬುದನ್ನು 2003ರ ಜನವರಿ 25ರಂದು ಇಡೀ ಜಗತ್ತು ಕಂಡಿತು. ಎಸ್‌ಕ್ಯೂಎಲ್ ಸರ್ವರ್ 2000ರ ದೋಷವೊಂದರ ಮೂಲಕ ಹರಡಿದ ಸ್ಲ್ಯಾಮರ್ ಹುಳು ಸುಮಾರು 75,000 ಯಂತ್ರಗಳನ್ನು ಹಿಡಿಯಿತು. ಬಹುಪಾಲು ಹತ್ತೇ ನಿಮಿಷದಲ್ಲಿ. ಆ ದೋಷಕ್ಕೆ ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಪ್ಯಾಚ್ ಬಿಡುಗಡೆ ಮಾಡಿತ್ತು.

ಬ್ಯಾಂಕು ಸಾಲದ ಬೋಜಾ ಏರಿಸಬೇಕು, ಉಪನೋಂದಣಿ ಕಚೇರಿಯಿಂದ ಖರೀದಿಯ ವಿವರ ಬರಬೇಕು, ಯಾವ ಊರಿನಿಂದಲಾದರೂ ಪಹಣಿ ಸಿಗಬೇಕು ಎಂಬ ಬೇಡಿಕೆಗಳು ಬಂದಂತೆ ದಾಖಲೆಗಳು ಬೆಂಗಳೂರಿನಲ್ಲಿ ಒಂದೆಡೆ ಸೇರಿದವು. ಒಂದೆಡೆ ಸೇರಿಸಿದ ಮೇಲೆ ಒಂದೇ ಯಂತ್ರವನ್ನು ನಂಬಿ ಕೂರುವಂತಿಲ್ಲ. ಇಂಥ ಕಡೆ ಬೇಕಾಗುವುದೇ ಕ್ಲಸ್ಟರ್: ಒಂದು ಡೇಟಾಬೇಸಿನ ಹೊರೆಯನ್ನು ಹಲವು ಯಂತ್ರಗಳು ಒಟ್ಟಾಗಿ ಹೊರುವ, ಇಲ್ಲವೇ ಒಂದು ಬಿದ್ದಾಗ ಇನ್ನೊಂದು ಎದ್ದು ನಿಲ್ಲುವ ಏರ್ಪಾಡು.

ಇದರಲ್ಲಿ ಎರಡು ಪರಂಪರೆಗಳಿವೆ. ಒರಾಕಲ್ ಹಿಡಿದದ್ದು ಎಲ್ಲ ನೋಡ್‌ಗಳೂ, ಅಂದರೆ ಕ್ಲಸ್ಟರಿನ ಯಂತ್ರಗಳೂ, ಒಂದೇ ಡಿಸ್ಕನ್ನು ಹಂಚಿಕೊಳ್ಳುವ ದಾರಿ. ಅದರ ಮೊದಲ ರೂಪವಾದ ಪ್ಯಾರಲಲ್ ಸರ್ವರಿನಲ್ಲಿ ಒಂದು ನೋಡ್ ತಿದ್ದಿದ ಬ್ಲಾಕ್ ಇನ್ನೊಂದಕ್ಕೆ ಬೇಕಾದರೆ ಮೊದಲು ಅದನ್ನು ಡಿಸ್ಕಿಗೆ ಬರೆಯಬೇಕಿತ್ತು. ಇಬ್ಬರು ತಲಾಠಿಗಳ ನಡುವೆ ಒಂದೇ ರಿಜಿಸ್ಟರು ಇದ್ದು, ಕೈಬದಲಾಗುವಾಗಲೆಲ್ಲ ಅದನ್ನು ಕಪಾಟಿಗೆ ಇಟ್ಟು, ಬೀಗ ಹಾಕಿ, ಮತ್ತೆ ತೆಗೆದಂತೆ. 2001ರಲ್ಲಿ 9ಐ ಆವೃತ್ತಿಯ ಜೊತೆ ಬಂದ ಆರ್‌ಎಸಿ, ಬ್ಲಾಕನ್ನು ಒಂದು ನೋಡಿನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ಸೀದಾ ದಾಟಿಸಿತು. ಮೈಕ್ರೋಸಾಫ್ಟಿನದು ಬೇರೆ ದಾರಿ. 1997ರಲ್ಲಿ ವಿಂಡೋಸ್ ಎನ್‌ಟಿಗೆ ಬಂದ ಅದರ ಕ್ಲಸ್ಟರ್ ಸೇವೆಯಲ್ಲಿ ಡೇಟಾಬೇಸನ್ನು ಒಂದು ಯಂತ್ರ ನಡೆಸುತ್ತಿತ್ತು, ಇನ್ನೊಂದು ಕಾದಿರುತ್ತಿತ್ತು. ಎಸ್‌ಕ್ಯೂಎಲ್ ಸರ್ವರ್ 2012ರ ಆಲ್ವೇಸ್‌ಆನ್ ಗುಂಪುಗಳಲ್ಲಿ ಕಾದಿರುವ ಯಂತ್ರಗಳ ಪ್ರತಿಗಳು ಓದುವ ಕೆಲಸಕ್ಕೂ ಒದಗಿದವು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 2010ರ 9.0 ಆವೃತ್ತಿಯಲ್ಲಿ ಬದಲಾವಣೆಗಳನ್ನು ಕಾದಿರುವ ಪ್ರತಿಗೆ ಹರಿಸುವ ಸ್ಟ್ರೀಮಿಂಗ್ ರೆಪ್ಲಿಕೇಶನ್ ಬಂತು.

ನಿಧಾನವಾದ ಡೇಟಾಬೇಸಿಗೆ ಇನ್ನೊಂದು ನೋಡ್ ಸೇರಿಸುವುದು ಬಹಳ ಸಲ ಔಷಧಿಯಾಗುವುದಿಲ್ಲ. ಕಾಯುವ ಜಾಗ ಬದಲಾಗುತ್ತದೆ ಅಷ್ಟೇ. ಮ್ಯುಟೇಶನ್ ಸಂಖ್ಯೆಯನ್ನೇ ನೋಡಿ. ಇಡೀ ರಾಜ್ಯಕ್ಕೆ ಏರುತ್ತ ಹೋಗುವ ಒಂದೇ ಸಂಖ್ಯೆ ಇಟ್ಟು ಅದಕ್ಕೆ ಇಂಡೆಕ್ಸ್ ಕಟ್ಟಿದರೆ, ಹೊಸ ದಾಖಲೆಗಳೆಲ್ಲ ಇಂಡೆಕ್ಸಿನ ಬಲತುದಿಯ ಒಂದೇ ಬ್ಲಾಕಿಗೆ ಬಂದು ಬೀಳುತ್ತವೆ. ಎಲ್ಲ ನೋಡ್‌ಗಳೂ ಅದೇ ಬ್ಲಾಕಿಗೆ ಕೈಚಾಚುತ್ತವೆ. ಪ್ರತಿ ನೋಡಿಗೂ ಮುಂಗಡವಾಗಿ ಸಾವಿರ ಸಂಖ್ಯೆ ಹಂಚಿಕೊಡುವುದು ಇದಕ್ಕೆ ರೂಢಿಯ ಪರಿಹಾರ. ಆದರೆ ನೋಡ್ ಬಿದ್ದರೆ ನಡುವೆ ಸಂಖ್ಯೆಗಳು ಕಳೆದುಹೋಗುತ್ತವೆ, ಕಂದಾಯದ ಪುಸ್ತಕದಲ್ಲಿ ಅಂಥ ಖಾಲಿ ಜಾಗ ಸಂಶಯ ಹುಟ್ಟಿಸುತ್ತದೆ. ಊರಿಗೊಂದು ಸರಣಿ ಇಡುವ ಕಂದಾಯ ಪದ್ಧತಿಯೇ ಇಲ್ಲಿ ಉತ್ತಮ: ಹೂಲಿಯ ಸಂಖ್ಯೆಗಾಗಿ ಮುನವಳ್ಳಿಯವರು ಕಾಯುವುದಿಲ್ಲ, ಸರಣಿಯೂ ತುಂಡಾಗುವುದಿಲ್ಲ. ಕಾಗದದ ಕಾಲದ ಆಡಳಿತದ ಜಾಣ್ಮೆಯನ್ನು ಡೇಟಾಬೇಸ್ ವಿನ್ಯಾಸಕರು ಗೌರವದಿಂದ ಓದಬೇಕು.

ಇಂಡೆಕ್ಸಿನಲ್ಲಿ ಯಾವ ಕಾಲಂ ಮೊದಲು ಎಂಬುದೂ ಅಷ್ಟೇ ಮುಖ್ಯ. 120ನೇ ಸರ್ವೆ ನಂಬರು ಸಾವಿರಾರು ಊರುಗಳಲ್ಲಿದೆ. ಗ್ರಾಮದ ಸಂಕೇತ ಮುಂದಿದ್ದರೆ ಹುಡುಕಾಟ ಮೊದಲ ಹೆಜ್ಜೆಯಲ್ಲೇ ಹೂಲಿಗೆ ಬಂದು ನಿಲ್ಲುತ್ತದೆ. ಹಾಗೆಂದು ತಾಲ್ಲೂಕಿನ ಸಂಕೇತವನ್ನೂ ಕೀಲಿಯೊಳಗೆ ಸೇರಿಸಿದರೆ ಬೇರೆ ಪೇಚು. ಬೈಲಹೊಂಗಲದಿಂದ ಕಿತ್ತೂರು, ಸವದತ್ತಿಯಿಂದ ಯರಗಟ್ಟಿ ಬೇರೆಯಾಗಿ ತಾಲ್ಲೂಕುಗಳಾದವು. ಇಂಥ ಒಂದು ಸರ್ಕಾರಿ ಆದೇಶಕ್ಕೆ ಲಕ್ಷಾಂತರ ಸಾಲುಗಳ ಕೀಲಿಯನ್ನು, ಅವುಗಳಿಗೆ ಕಟ್ಟಿದ ಎಲ್ಲ ಟೇಬಲ್‌ಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಗ್ರಾಮಕ್ಕೆ ಎಂದೂ ಬದಲಾಗದ ಒಂದು ಸಂಖ್ಯೆ ಕೊಟ್ಟು, ತಾಲ್ಲೂಕನ್ನು ಅದರ ಪಕ್ಕದ ಮಾಹಿತಿಯಾಗಿ ಇಟ್ಟರೆ ಒಂದೇ ಸಾಲು ತಿದ್ದಿದರೆ ಸಾಕು.

ಡೇಟಾಬೇಸಿನ ವೇಗ ತಿದ್ದುವ ಟ್ಯೂನಿಂಗಿನ ಕಸುಬಿನಲ್ಲಿ ದೊಡ್ಡ ತಿರುವು ಬಂದದ್ದು ಅಳತೆಯಿಂದ. ಮೊದಮೊದಲು ಪ್ರೊಸೆಸರು ಎಷ್ಟು ದುಡಿಯಿತು, ಕ್ಯಾಶ್ ಎಷ್ಟು ಪಾಲು ಒದಗಿತು ಎಂಬ ಶೇಕಡಾವಾರುಗಳನ್ನೇ ನೋಡುತ್ತಿದ್ದರು. 1990ರ ದಶಕದಲ್ಲಿ ಒರಾಕಲ್ 7 ಪ್ರತಿ ಕೆಲಸ ಎಲ್ಲಿ ಎಷ್ಟು ಹೊತ್ತು ಕಾಯಿತು ಎಂಬುದನ್ನು ದಾಖಲಿಸತೊಡಗಿದ ಮೇಲೆ ಪ್ರಶ್ನೆ ಬದಲಾಯಿತು. 2003ರಲ್ಲಿ ಬಂದ ಒರಾಕಲ್ 10ಜಿ ಈ ಲೆಕ್ಕವನ್ನು ತಾನಾಗಿ ಕೂಡಿಡತೊಡಗಿತು. 2016ರ ಎಸ್‌ಕ್ಯೂಎಲ್ ಸರ್ವರಿನ ಕ್ವೆರಿ ಸ್ಟೋರ್ ಯಾವ ಕ್ವೆರಿ ಯಾವ ದಿನ ಯಾವ ಪ್ಲಾನ್ (ಆಪ್ಟಿಮೈಸರ್ ಆರಿಸಿದ ದಾರಿ) ಹಿಡಿಯಿತು ಎಂಬ ಚರಿತ್ರೆಯನ್ನೇ ಇಟ್ಟುಕೊಟ್ಟಿತು. ಕೆಲವೊಮ್ಮೆ ಅಪ್‌ಗ್ರೇಡೇ ಟ್ಯೂನಿಂಗ್ ಆಗುತ್ತದೆ. ಎಸ್‌ಕ್ಯೂಎಲ್ ಸರ್ವರ್ 2000ರಲ್ಲಿ ಒಬ್ಬರು ತಿದ್ದುತ್ತಿದ್ದ ಸಾಲನ್ನು ಓದಲು ಬಂದವರು ಸಾಮಾನ್ಯವಾಗಿ ಕಾಯಲೇಬೇಕಿತ್ತು. 2005ರಲ್ಲಿ ಸಾಲಿನ ಹಳೆಯ ಪ್ರತಿಯನ್ನು ಓದಲು ಕೊಡುವ ಸೌಲಭ್ಯ ಬಂದು ಆ ಕಾಯುವಿಕೆ ತಪ್ಪಿತು.

ಆಪ್ಟಿಮೈಸರಿನ ತಪ್ಪು ಅಂದಾಜಿನ ಬಗ್ಗೆ ಜಗತ್ತು ಗಮನಿಸಿದ ಕೆಲಸ ನಡೆದದ್ದು ನಮ್ಮ ರಾಜಧಾನಿಯಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಯಂತ್ ಹರಿತ್ಸ ಅವರ ಪ್ರಯೋಗಾಲಯ 2005ರಲ್ಲಿ, ಕ್ವೆರಿಗೆ ಹೊಂದುವ ಸಾಲುಗಳ ಪ್ರಮಾಣ ಬದಲಾದಂತೆ ಆಪ್ಟಿಮೈಸರ್ ಯಾವ ಯಾವ ಪ್ಲಾನ್ ಆರಿಸುತ್ತದೆ ಎಂಬುದನ್ನು ಬಣ್ಣಬಣ್ಣದ ನಕ್ಷೆಗಳಾಗಿ ಬಿಡಿಸಿ ತೋರಿಸಿತು. ಸಲಕರಣೆಯ ಹೆಸರು ಪಿಕಾಸೊ. ನಕ್ಷೆಗಳು ನಿಜಕ್ಕೂ ಕ್ಯೂಬಿಸ್ಟ್ ಚಿತ್ರಗಳಂತಿದ್ದವು. ವೆಚ್ಚ ಶೇ. 20ರಷ್ಟು ಹೆಚ್ಚಲು ಒಪ್ಪಿದರೆ ಹತ್ತಾರು ಪ್ಲಾನ್‌ಗಳ ಜಾಗದಲ್ಲಿ ಸುಮಾರು ಹತ್ತು ಸಾಕು ಎಂಬುದು 2007ರ ಶೋಧ. 2014ರ ‘ಪ್ಲಾನ್ ಬೊಕೆ’ ವಿಧಾನ ಇನ್ನೂ ಮುಂದೆ ಹೋಗಿ, ಅಂದಾಜನ್ನು ಬಿಟ್ಟು, ಏರುವ ವೆಚ್ಚದ ಮಿತಿಗಳೊಳಗೆ ಪ್ಲಾನ್‌ಗಳನ್ನು ಓಡಿಸಿ ಸತ್ಯ ಕಂಡುಕೊಳ್ಳುವ ದಾರಿ ಹೇಳಿತು. ಅದೇ ವರ್ಷ ಹರಿತ್ಸ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು. ಸರಾಸರಿ ವೇಗಕ್ಕಿಂತ, ಕೆಟ್ಟ ದಿನದಲ್ಲೂ ಇಷ್ಟಕ್ಕಿಂತ ನಿಧಾನವಾಗದು ಎಂಬ ಭರವಸೆಯೇ ಸಾರ್ವಜನಿಕ ಸೇವೆಗೆ ಹೆಚ್ಚು ಬೇಕು.

ಅಪ್‌ಗ್ರೇಡಿನ ವೇಳೆ ಆ ಭರವಸೆಯೇ ಮೊದಲು ಅಲುಗುತ್ತದೆ. 2014ರ ಎಸ್‌ಕ್ಯೂಎಲ್ ಸರ್ವರ್ ಸಾಲುಗಳ ಅಂದಾಜಿನ ಸೂತ್ರವನ್ನೇ ಬದಲಿಸಿತು. ಹೆಚ್ಚಿನ ಕ್ವೆರಿಗಳು ಚುರುಕಾದವು, ಕೆಲವು ಕುಸಿದವು. ಈಗಿನ ಒಳ್ಳೆಯ ರೂಢಿ ಎಂದರೆ ತಂತ್ರಾಂಶ ಹೊಸದಾಗಿಸಿ, ಹೊಂದಾಣಿಕೆಯ ಮಟ್ಟವನ್ನು ಹಳೆಯದರಲ್ಲೇ ಇಟ್ಟು, ಪ್ಲಾನ್‌ಗಳ ಚರಿತ್ರೆ ಕೂಡಿಸಿ, ಆಮೇಲೆ ಮಟ್ಟ ಏರಿಸುವುದು. ಕ್ಲಸ್ಟರಿನಲ್ಲಿ ಕಾದಿರುವ ಪ್ರತಿಯನ್ನು ಮೊದಲು ಏರಿಸುತ್ತಾರೆ, ಕೆಲಸವನ್ನು ಅದಕ್ಕೆ ದಾಟಿಸುತ್ತಾರೆ, ಆಮೇಲೆ ಹಳೆಯದನ್ನು ಮುಟ್ಟುತ್ತಾರೆ. ದಾಟಿದ ಮೇಲೆ ಹಿಂದಿರುಗುವ ದಾರಿ ಕಿರಿದು: ಹೊಸ ಆವೃತ್ತಿ ಮುಖ್ಯವಾದ ಕ್ಷಣದಿಂದ ಹಳೆಯ ಆವೃತ್ತಿಯ ಪ್ರತಿ ಅದರ ಬದಲಾವಣೆಗಳನ್ನು ಪಡೆಯಲಾರದು. ಪೋಸ್ಟ್‌ಗ್ರೆಸ್‌ಕ್ಯೂಎಲ್ 2017ರಲ್ಲಿ ತಂದ ಲಾಜಿಕಲ್ ರೆಪ್ಲಿಕೇಶನ್ ಎರಡು ಮುಖ್ಯ ಆವೃತ್ತಿಗಳ ನಡುವೆ ಸೇತುವೆಯಾಯಿತು. ಆದರೆ ಟೇಬಲ್ ರಚನೆಯ ಬದಲಾವಣೆಗಳನ್ನು ಅದು ತಾನಾಗಿ ಒಯ್ಯುವುದಿಲ್ಲ. ದೊಡ್ಡ ಸಂಸ್ಥೆಗಳಿಗೂ ಇದು ಸುಲಭವಲ್ಲ. ಗಿಟ್‌ಹಬ್ ತನ್ನ 1,200ಕ್ಕೂ ಹೆಚ್ಚು ಮೈಎಸ್‌ಕ್ಯೂಎಲ್ ಯಂತ್ರಗಳನ್ನು 8.0ಕ್ಕೆ ಏರಿಸಲು ಒಂದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. ಅದೇ ಸಂಸ್ಥೆಯಲ್ಲಿ 2018ರ ಅಕ್ಟೋಬರಿನಲ್ಲಿ ಕೇವಲ 43 ಸೆಕೆಂಡು ನೆಟ್‌ವರ್ಕ್ ಕಡಿದಾಗ ಅಮೆರಿಕದ ಎರಡು ಕರಾವಳಿಗಳ ಡೇಟಾಬೇಸುಗಳಲ್ಲಿ ಬೇರೆ ಬೇರೆ ಬರಹಗಳು ಉಳಿದು, ಸೇವೆ ಸರಿಹೋಗಲು 24 ಗಂಟೆ ದಾಟಿತು. ಅಲ್ಲಿ ಅವರು ವೇಗಕ್ಕಿಂತ ದತ್ತಾಂಶದ ಸಮಗ್ರತೆಯನ್ನು ಆರಿಸಿಕೊಂಡರು. ಭೂದಾಖಲೆಗೂ ಅದೇ ಸರಿ. ಒಂದು ಹೊಲಕ್ಕೆ ಇಬ್ಬರು ಮಾಲೀಕರು ದಾಖಲಾಗುವುದಕ್ಕಿಂತ ಒಂದು ದಿನ ಉತಾರ ಸಿಗದಿರುವುದು ಮೇಲು.

ಎಲ್ಲ ನಿಧಾನಕ್ಕೂ ಒಳಗಿನ ಕಾರಣವೇ ಇರಬೇಕೆಂದಿಲ್ಲ. 2025ರ ಜನವರಿಯಲ್ಲಿ ರಾಜ್ಯದ ನೋಂದಣಿ ವ್ಯವಸ್ಥೆ ಕಾವೇರಿ 2.0 ತತ್ತರಿಸಿದಾಗ, ನಕಲಿ ಖಾತೆಗಳ ಮೂಲಕ ಋಣಭಾರ ಪ್ರಮಾಣಪತ್ರದ ಹುಡುಕಾಟಗಳನ್ನು ರಾಶಿ ಹಾಕಿದ ದಾಳಿ ಅದೆಂದು ತಿಳಿಯಿತು. ಹುಡುಕಾಟ ದುಬಾರಿ ಕೆಲಸ. ಅದನ್ನು ಬೇರೆ ಪ್ರತಿಗಳ ಮೇಲೆ ನಡೆಸಿ, ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದರೆ ನೋಂದಣಿಯಂಥ ಬರೆಯುವ ಕೆಲಸ ಉಸಿರಾಡುತ್ತದೆ.

ಕನ್ನಡದ ದಾಖಲೆಗಳಿಗೆ ಅಪ್‌ಗ್ರೇಡಿನಲ್ಲಿ ಇನ್ನೊಂದು ವಿಶೇಷ ಎಚ್ಚರ ಬೇಕು. ಯೂನಿಕೋಡಿನಲ್ಲಿ ‘ರೇ’ಯ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ‘ರೇಣುಕಾ’ ಒಂದೇ ಥರ ಕಂಡರೂ, ಎರಡು ರೂಪಗಳನ್ನು ಒಂದಾಗಿಸದ ಡೇಟಾಬೇಸಿಗೆ ಅವು ಎರಡು ಹೆಸರುಗಳು. ಸವದತ್ತಿಯ ರೇಣುಕಾ ಯಲ್ಲಮ್ಮನ ಗುಡ್ಡದ ಸುತ್ತಲಿನ ತಾಲ್ಲೂಕುಗಳಲ್ಲಿ ಆ ಹೆಸರಿನ ಖಾತೆದಾರರು ಎಷ್ಟಿದ್ದಾರೆಂದು ಬೇರೆ ಹೇಳಬೇಕಿಲ್ಲ. ಅಕ್ಷರಗಳ ಅನುಕ್ರಮವೂ ಹಾಗೆಯೇ. 2018ರಲ್ಲಿ ಲಿನಕ್ಸಿನ ಮೂಲ ಲೈಬ್ರರಿ ಜಿಲಿಬ್‌ಸಿ 2.28 ವಿಂಗಡಣೆಯ ನಿಯಮ ಬದಲಿಸಿದಾಗ, ಅದನ್ನು ನಂಬಿದ್ದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇಂಡೆಕ್ಸುಗಳು ಹಳೆಯ ಅನುಕ್ರಮದಲ್ಲೇ ಉಳಿದು, ಇರುವ ಸಾಲನ್ನೇ ಇಲ್ಲವೆನ್ನುವ ಸ್ಥಿತಿ ಬರಬಹುದಾಗಿತ್ತು. ಡೇಟಾಬೇಸಿನ ಆವೃತ್ತಿ ಬದಲಾಗಬೇಕೆಂದೂ ಇಲ್ಲ, ಕೆಳಗಿನ ಆಪರೇಟಿಂಗ್ ಸಿಸ್ಟಮ್ ಹೊಸದಾದರೆ ಸಾಕು. ಆದ್ದರಿಂದ ಕನ್ನಡ ಹೆಸರುಗಳ ಡೇಟಾಬೇಸನ್ನು ಹೊಸ ಯಂತ್ರಕ್ಕೆ ಸಾಗಿಸುವವರು ಮೊದಲು ಹೆಸರುಗಳನ್ನು ಒಂದೇ ಯೂನಿಕೋಡ್ ರೂಪಕ್ಕೆ ತರಬೇಕು, ಆಮೇಲೆ ಹೆಸರಿನ ಕಾಲಂಗಳ ಇಂಡೆಕ್ಸುಗಳನ್ನು ಮತ್ತೆ ಕಟ್ಟಬೇಕು, ಕೊನೆಗೆ ಊರೂರಿನ ಖಾತೆಗಳ ಎಣಿಕೆಯನ್ನು ಹಳೆಯದರೊಂದಿಗೆ ತಾಳೆ ನೋಡಬೇಕು.